ಕೇಳದ ಪ್ರಶ್ನೆಗೆ ಉತ್ತರ

ಅರಿಯದ ಗಿರಾಕಿಗೆ ಸರಕನ್ನು ಮಾರುವಾಗ ವರ್ತಕನ ಪ್ರಾಮಾಣಿಕತೆಗೆ ಒಂದು ಬಗೆಯ ಪರೀಕ್ಷೆ; ತನ್ನಷ್ಟೇ ಬಲ್ಲ ಸ್ನೇಹಿತನಿಗೆ ಮಾರುವಾಗ ಇನ್ನೊಂದು ಬಗೆಯ ಪರೀಕ್ಷೆ. ಮೊದಲನೆಯದರ ನಿಯಮಗಳು ಎಲ್ಲರಿಗೂ ತಿಳಿದಿವೆ: ತೂಕ ಸರಿಯಿರಬೇಕು, ಅಳತೆ ಸರಿಯಿರಬೇಕು, ಕಲಬೆರಕೆ ಕೂಡದು. ಎರಡನೆಯದರ ವಿಷಯದಲ್ಲಿ ಮಾತ್ರ, ಬಲ್ಲವನು ಮೋಸಹೋಗಲಾರನೆಂಬ ಎಣಿಕೆಯಿಂದ ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ಈ ಎಣಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ, ಇಟಲಿಯ ಹಳೆಯ ಪಂದ್ಯದ ಕಾರುಗಳು ಆಸಕ್ತರೊಳಗೇ ಕೈಯಿಂದ ಕೈಗೆ ಸಾಗುವ ರೀತಿಯನ್ನು ನೋಡಬಹುದು.

ಉತ್ತರ ಇಟಲಿಯ ಮೋದೆನಾ ನಗರದ ಸಮೀಪದಲ್ಲಿ ಮಾರಾನೆಲ್ಲೊ ಎಂಬ ಊರಿದೆ. ಅಲ್ಲಿ ಎಂಝೊ ಫೆರಾರಿಯವರ ಕಾರ್ಖಾನೆಯು 1962ರಿಂದ 1964ರವರೆಗೆ '250 ಜಿಟಿಓ' ಎಂಬ ಕಾರನ್ನು ತಯಾರಿಸಿತು. ಹನ್ನೆರಡು ಸಿಲಿಂಡರುಗಳ ಮೂರು ಲೀಟರಿನ ಇಂಜಿನ್ನು, ಸುಮಾರು 300 ಅಶ್ವಶಕ್ತಿ. ಅಲ್ಯುಮಿನಿಯಂ ಹಾಳೆಯನ್ನು ಕೈಯಿಂದ ಬಡಿದು ರೂಪಿಸಿದ ಮೈ. ಸಾಮಾನ್ಯ ಲೆಕ್ಕದಲ್ಲಿ ಒಟ್ಟು 36 ಕಾರುಗಳು. ನಾಲ್ಕು ಲೀಟರಿನ ಇಂಜಿನ್ನುಳ್ಳ ಮೂರನ್ನು ಸೇರಿಸುವವರು 39 ಎನ್ನುತ್ತಾರೆ. ಹೊಸದಾಗಿದ್ದಾಗ ಅಮೆರಿಕದಲ್ಲಿ ಇದರ ಬೆಲೆ ಸುಮಾರು 18,000 ಡಾಲರು. ಕೆಲವೇ ವರ್ಷಗಳಲ್ಲಿ ಪಂದ್ಯಕ್ಕೆ ಹಳತಾಯಿತು. ಹಳತಾದ ಪಂದ್ಯದ ಕುದುರೆಗೆ ಆಗುವ ಗತಿಯೇ ಇದಕ್ಕೂ ಆಯಿತು. 1960ರ ದಶಕದ ಕೊನೆಗೆ ಕೆಲವೇ ಸಾವಿರ ಡಾಲರಿಗೆ ದೊರೆಯುತ್ತಿತ್ತು. ಒಂದು ಕಾರನ್ನು ಟೆಕ್ಸಸ್ ರಾಜ್ಯದ ಶಾಲೆಯೊಂದಕ್ಕೆ ದಾನವಾಗಿ ಕೊಡಲಾಗಿತ್ತು. ಅದೇ ಕಾರು ಮುಂದೆ ಓಹಾಯೋದ ಹೊಲವೊಂದರಲ್ಲಿ ತೆರೆದ ಟ್ರೇಲರಿನ ಮೇಲೆ ಮಳೆ ಬಿಸಿಲಿಗೆ ವರ್ಷಗಟ್ಟಲೆ ನಿಂತಿತ್ತು. 'ಪಿಂಕ್ ಫ್ಲಾಯ್ಡ್' ವಾದ್ಯತಂಡದ ನಿಕ್ ಮೇಸನ್ 1970ರ ದಶಕದ ಕೊನೆಯಲ್ಲಿ 40,000 ಪೌಂಡಿಗೂ ಕಡಿಮೆ ಕೊಟ್ಟು ಒಂದನ್ನು ಕೊಂಡರು. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಹರಾಜಿನಲ್ಲಿ ಇಂತಹುದೇ ಒಂದು ಕಾರು 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ವ್ಯಾಪಾರದಲ್ಲಿ ಕೂದಲು ನರೆತವನು ಕೂಡ ಈ ಅಂಕಿಯನ್ನು ಎರಡು ಸಲ ಓದಿಕೊಳ್ಳುವನು.

ಹರಾಜಿಗೆ ಬರುವುದು ಅಪರೂಪ. ಹೆಚ್ಚಿನವು ಮಾತಿನ ಮೇಲೆಯೇ ಕೈ ಬದಲಾಯಿಸುತ್ತವೆ. ಮಾಲೀಕರು ಒಬ್ಬರನ್ನೊಬ್ಬರು ಬಲ್ಲರು. ಐದು ವರ್ಷಗಳಿಗೊಮ್ಮೆ ಕಾರುಗಳೊಡನೆ ಒಂದೆಡೆ ಕೂಡುವ ರೂಢಿಯನ್ನೂ ಇಟ್ಟುಕೊಂಡಿದ್ದಾರೆ. ಮಾರಲು ಹೊರಡುವವನು ಬಹುಮಟ್ಟಿಗೆ ವಯಸ್ಸಾದವನು. ಕ್ಲಚ್ಚನ್ನು ಒತ್ತುವ ಕಾಲು ಸೋತಿದೆ, ಮಕ್ಕಳಿಗೆ ಆ ಹುಚ್ಚಿಲ್ಲ, ವಿಮೆಯ ಕಂತು ವರ್ಷವರ್ಷಕ್ಕೂ ಏರುತ್ತಿದೆ. ಅವನು ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಕಾರಿನ ವಿವರಣೆಯನ್ನು ಬರೆಯತೊಡಗುತ್ತಾನೆ. ಧರ್ಮಸಂಕಟ ಆರಂಭವಾಗುವುದು ಅಲ್ಲಿಂದ.

ಮೊದಲು ಬರೆಯುವುದು ಚಾಸಿಯ ಮೇಲೆ ಒತ್ತಿದ ಸಂಖ್ಯೆ. ಫೆರಾರಿಯ ಅಂದಿನ ಪದ್ಧತಿಯಲ್ಲಿ ರಸ್ತೆಯಲ್ಲೂ ಓಡಬಲ್ಲ ಜಿಟಿ ಕಾರುಗಳಿಗೆ ಬೆಸಸಂಖ್ಯೆ, ಕೇವಲ ಪಂದ್ಯಕ್ಕೆಂದೇ ಮಾಡಿದವಕ್ಕೆ ಸಮಸಂಖ್ಯೆ. ಈ ಸಂಖ್ಯೆಯೇ ಕಾರಿನ ಕುಲಗೋತ್ರ. ಆದರೆ ಇಷ್ಟೊಂದು ಶುದ್ಧತೆಯನ್ನು ಅಪೇಕ್ಷಿಸುವ ಈ ಕಾರಿನ ಹುಟ್ಟೇ ನಿಯಮವನ್ನು ತುಸು ಹಿಗ್ಗಿಸಿದ್ದರಿಂದ ಆದದ್ದು ಎಂಬುದು ಸ್ವಾರಸ್ಯದ ಸಂಗತಿ. ಹೆಸರಿನ ಕೊನೆಯ ಅಕ್ಷರವು 'ಒಮೊಲೊಗಾತೊ', ಎಂದರೆ 'ಅಂಗೀಕೃತ' ಎಂಬುದರ ಸಂಕ್ಷೇಪ. ಜಿಟಿ ವರ್ಗದಲ್ಲಿ ಅಂಗೀಕಾರ ಪಡೆಯಲು 100 ಕಾರುಗಳನ್ನು ತಯಾರಿಸಿರಬೇಕಿತ್ತು. ತಯಾರಾದವು ಅದರ ಅರ್ಧವೂ ಅಲ್ಲ. ಇದು ಹೊಸ ಕಾರಲ್ಲ, ಹಿಂದಿನ 250 ಜಿಟಿಯ ಸುಧಾರಿತ ರೂಪ ಎಂಬ ವಾದವನ್ನು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವು ಒಪ್ಪಿಕೊಂಡಿತು. 250 ಎಲ್ಎಂ ಎಂಬ ಮುಂದಿನ ಕಾರಿಗೂ ಇದೇ ವಾದವನ್ನು ಹೂಡಿದಾಗ ಒಕ್ಕೂಟ ಒಪ್ಪಲಿಲ್ಲ. ಎಂಝೊ ಫೆರಾರಿಯವರು ಸಿಟ್ಟಿನಿಂದ ತಮ್ಮ ಪಂದ್ಯದ ಪರವಾನಗಿಯನ್ನೇ ಹಿಂದಿರುಗಿಸಿದರು. 1964ರ ಕೊನೆಯ ಪಂದ್ಯಗಳಲ್ಲಿ ಅವರ ಕಾರುಗಳು ಇಟಲಿಯ ಕೆಂಪನ್ನು ಬಿಟ್ಟು ಅಮೆರಿಕದ ನೀಲಿ ಬಿಳಿ ಬಣ್ಣದಲ್ಲಿ ಓಡಿದವು.

ಇನ್ನು ಮೈಯ ವಿಚಾರ. ಮಾಂಟೆರೆಯಲ್ಲಿ ಮಾರಾಟವಾದ ಕಾರಿನ ಸಂಖ್ಯೆ 3413. ಅದಕ್ಕೆ 1962ರಲ್ಲಿ ಇದ್ದ ಮೈ ಒಂದು. 1964ರಲ್ಲಿ ಮೋದೆನಾದ ಸ್ಕಾಲ್ಯೆತ್ತಿಯವರ ಕಾರ್ಯಾಗಾರದಲ್ಲಿ ತೊಡಿಸಿದ ಹೊಸ ಮಾದರಿಯ ಮೈ ಇನ್ನೊಂದು. ಮಾರಿದವರು ಇದನ್ನು ಮುಚ್ಚಿಡಲಿಲ್ಲ. ಹರಾಜಿನ ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಿದ್ದರು. ಆದರೂ ಆ ಬೆಲೆ ಬಂದಿತು. ನಿಜ ಹೇಳಿದರೆ ನಷ್ಟವಿಲ್ಲವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಈ ಬದಲಾವಣೆಯನ್ನು ಆ ಕಾಲದಲ್ಲಿಯೇ, ಮೂಲದ ಕೈಗಳೇ ಮಾಡಿದ್ದವು. ನಲವತ್ತು ವರ್ಷಗಳ ಅನಂತರ ಬೇರಾವುದೋ ದೇಶದ ಷೆಡ್ಡಿನಲ್ಲಿ ಮಾಡಿದ ಬದಲಾವಣೆಗೆ ಮಾರುಕಟ್ಟೆ ಅದೇ ಔದಾರ್ಯವನ್ನು ತೋರಿಸುವುದಿಲ್ಲ. ಬೆಲೆ ಇಳಿಯುತ್ತದೆ, ಬಹಳವೇ ಇಳಿಯುತ್ತದೆ. ಅಲ್ಲಿ ನಿಜ ಹೇಳುವವನು ಗಂಟಿನಿಂದ ಕಳೆದುಕೊಂಡೇ ಹೇಳಬೇಕು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಇಂಜಿನ್ನಿನ ಬ್ಲಾಕು ಪಂದ್ಯವೊಂದರಲ್ಲಿ ಒಡೆದು ಹೋಗಿದೆ. ಹೊಸ ಬ್ಲಾಕನ್ನು ಎರಕ ಹೊಯ್ಯಿಸಿ, ಅದರ ಮೇಲೆ ಹಳೆಯ ಸಂಖ್ಯೆಯನ್ನೇ ಒತ್ತಿಸಲಾಗಿದೆ. ಈ ಕಸುಬಿನಲ್ಲಿ ಇದು ಕೇಳರಿಯದ ಸಂಗತಿಯೇನಲ್ಲ. ಮೂವತ್ತು ವರ್ಷಗಳ ಸ್ನೇಹಿತನೊಬ್ಬ ಕೊಳ್ಳಲು ಬರುತ್ತಾನೆ. ಬಾನೆಟ್ಟನ್ನು ಎತ್ತಿ, ಟಾರ್ಚು ಹಿಡಿದು, ಸಂಖ್ಯೆಯನ್ನು ಓದುತ್ತಾನೆ. ಸಂಖ್ಯೆ ಕಾಗದಪತ್ರಗಳಿಗೆ ಹೊಂದುತ್ತದೆ. 'ಸಂಖ್ಯೆ ಸರಿಯಿದೆಯಲ್ಲವೇ?' ಎಂದು ಕೇಳುತ್ತಾನೆ. 'ಸರಿಯಿದೆ' ಎನ್ನುತ್ತಾನೆ ಮಾರುವವನು. ಆ ಮಾತಿನಲ್ಲಿ ಸುಳ್ಳಿನ ಒಂದಕ್ಷರವೂ ಇಲ್ಲ. ಅಪರಿಚಿತನಾಗಿದ್ದರೆ ಬ್ಲಾಕಿನ ಎರಕವನ್ನೂ, ಅಂಕಿಗಳ ಅಚ್ಚನ್ನೂ ಪರೀಕ್ಷಿಸಲು ತಜ್ಞನನ್ನು ಕರೆತರುತ್ತಿದ್ದ. ಸ್ನೇಹಿತನು ಕರೆತರುವುದಿಲ್ಲ, ಕರೆತಂದರೆ ಸಂಶಯಪಟ್ಟಂತಾಗುತ್ತದೆಂದು ಸಂಕೋಚ. ಬಲ್ಲವನು ಮೋಸಹೋಗುವುದು ಇಲ್ಲಿ. ಅವನ ತಿಳಿವಳಿಕೆಗೆ ಕೊರತೆಯಿಲ್ಲ. ಅದನ್ನು ಬಳಸಲು ದಾಕ್ಷಿಣ್ಯ ಅಡ್ಡ ಬರುತ್ತದೆ. ಅಪರಿಚಿತನಿಂದ ದೊರೆಯಲಾರದ ಹಣವನ್ನು ಮಾರುವವನು ಸ್ನೇಹದ ಬಲದಿಂದಲೇ ಪಡೆಯುತ್ತಾನೆ. 'ಇದ್ದ ಸ್ಥಿತಿಯಲ್ಲಿ ಮಾರಾಟ' ಎಂಬ ಒಕ್ಕಣೆಗೆ ಸಹಿ ಬಿದ್ದಿದ್ದರೆ ಅದು ನ್ಯಾಯಾಲಯದಲ್ಲಿ ಅವನಿಗೆ ಆಸರೆಯಾಗಬಹುದು. ಐದು ವರ್ಷದ ಕೂಟದಲ್ಲಿ ಎದುರು ಬದುರು ಊಟಕ್ಕೆ ಕುಳಿತಾಗ ಆಗದು.

ವಸ್ತು ಯಾರದು ಎಂಬ ಪ್ರಶ್ನೆಯೇ ಎದ್ದ ಪ್ರಸಂಗವೂ ಉಂಟು. 1954ರಲ್ಲಿ ಫೆರಾರಿಯ ಸ್ವಂತ ತಂಡದಲ್ಲಿ ಓಡಿದ '375 ಪ್ಲಸ್' ಎಂಬ 4.9 ಲೀಟರಿನ ಕಾರೊಂದನ್ನು 1958ರಲ್ಲಿ ಓಹಾಯೋದ ಒಬ್ಬರು ಕೊಂಡಿದ್ದರು. ಅದರ ಸಂಖ್ಯೆ 0384. (ಆ ರಾಜ್ಯದ ಬಯಲುಗಳಲ್ಲಿ ಅದೆಷ್ಟು ನಿಧಿಗಳು ತುಕ್ಕು ಹಿಡಿದವೋ!) 1980ರ ದಶಕದಲ್ಲಿ ಅದು ಅವರ ಜಾಗದಿಂದ ಕಳವಾಗಿ, ಸಮುದ್ರ ದಾಟಿ ಬೆಲ್ಜಿಯಂ ಸೇರಿತು. ಅಲ್ಲಿ ಅದನ್ನು ದುರಸ್ತಿ ಮಾಡಲಾಯಿತು. ಕೆಲವು ಬಿಡಿಭಾಗಗಳು ಮಾತ್ರ ಓಹಾಯೋದ ಮಾಲೀಕರಲ್ಲಿಯೇ ಉಳಿದವು. ಒಬ್ಬರ ಬಳಿ ಕಾರು, ಇನ್ನೊಬ್ಬರ ಬಳಿ ಅದರ ಭಾಗಗಳು ಮತ್ತು ಹಕ್ಕಿನ ಕೂಗು. ಹೀಗೆ ವರ್ಷಗಳು ಕಳೆದವು. ಕಡೆಗೆ 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಅದು ಒಂದು ಕೋಟಿ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಹಕ್ಕಿನ ಜಗಳ ಪೂರ್ತಿ ತೀರಿತ್ತೇ ಎಂಬ ಪ್ರಶ್ನೆ ಎದ್ದು ವ್ಯಾಜ್ಯವು ಲಂಡನ್ನಿನ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಅಷ್ಟು ಹಣ ತೆತ್ತು ಕೊಂಡವರಿಗೆ ಕಾರಿನೊಡನೆ ದಾವೆಯೂ ದೊರೆಯಿತು.

ಆದ್ದರಿಂದ ಮಾರುವವನ ಹಾಳೆ ಒಂದಕ್ಕೆ ನಿಲ್ಲುವುದಿಲ್ಲ. ಯಾರಿಂದ ಬಂದಿತು, ಎಷ್ಟಕ್ಕೆ ಬಂದಿತು, ಸುಂಕ ಕಟ್ಟಿದ ರಸೀತಿ ಎಲ್ಲಿದೆ, ಯಾವ ಪಂದ್ಯದಲ್ಲಿ ಯಾವ ಗೋಡೆಗೆ ತಾಗಿತು, ಮುಂಭಾಗದ ತಗಡು ಯಾವ ವರ್ಷದ್ದು, ಎಲ್ಲವನ್ನೂ ಬರೆಯಬೇಕು. ಎಂದೂ ಪೆಟ್ಟು ತಿನ್ನದ ಪಂದ್ಯದ ಕಾರೆಂದರೆ ಪಂದ್ಯಕ್ಕೇ ಇಳಿಯದ ಕಾರೆಂದು ಬಲ್ಲವರಿಗೆ ತಿಳಿದಿದೆ. ಗಾಯಗಳನ್ನು ಬರೆಯಲು ಅವನು ನಾಚುವುದೂ ಇಲ್ಲ. ಕೈ ತಡೆಯುವುದು ಬ್ಲಾಕಿನ ವಿಷಯಕ್ಕೆ ಬಂದಾಗ. ಅದನ್ನು ಮೊದಲ ಪುಟದಲ್ಲಿ, ಬೆಲೆಯ ಸಾಲಿನ ಮೇಲೆಯೇ ಬರೆಯಬಹುದು. ಇಲ್ಲವೇ ಅಂದಿನ ಎರಕದ ಬಿಲ್ಲನ್ನು ಇನ್ನೂರು ಪುಟದ ಕಡತದ ನಡುವೆ ಎಲ್ಲೋ ಸೇರಿಸಿ, ಮುಂದೊಂದು ದಿನ ಸ್ನೇಹಿತನು ಕೇಳಿದರೆ 'ಕಡತದಲ್ಲಿ ಇತ್ತಲ್ಲ' ಎನ್ನಲೂಬಹುದು. ಬಿಲ್ಲು ಮೇಜಿನ ಮೇಲಿದೆ. ಸ್ನೇಹಿತನು ಭಾನುವಾರ ಬರುವವನಿದ್ದಾನೆ.