ಚಿಪ್ಪಿಲ್ಲದ ಜೀವ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಿಂದ ಬುದ್ಧಿಮಾತಿನ ಲೇಖನವೊಂದು ಬರುವುದು ವಾಡಿಕೆ. ಈ ಸಲ ನಾವು ಒಂದು ಹುಳುವಿನ ವಿಷಯವನ್ನೂ, ಅದರೊಡನೆ ನಮ್ಮ ತಪ್ಪೊಂದನ್ನೂ ಬರೆಯಲಿಚ್ಛಿಸುತ್ತೇವೆ. ಪೂರ್ವ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಸಹನೆಯಿಂದ ಓದಬೇಕಾಗಿ ಪ್ರಾರ್ಥನೆ.

ಇಪ್ಪತ್ತೆರಡು ವರ್ಷಗಳ ಹಿಂದೆ, ನಾವು ತರಬೇತಿ ಮುಗಿಸಿ ಈ ಶಾಲೆಗೆ ಬಂದ ಹೊಸದರಲ್ಲಿ, ಮಳೆಗಾಲದ ಒಂದು ಬೆಳಗ್ಗೆ ಮಾಗಡಿ ಕಡೆಯ ಹುಡುಗಿಯೊಬ್ಬಳು ಊಟದ ಡಬ್ಬಿಯ ಮುಚ್ಚಳದಲ್ಲಿ ಏನನ್ನೋ ಜೋಪಾನವಾಗಿ ತಂದಳು. ಅದು ಆಕೆಯ ತಂದೆಯ ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಿದ, ಮಕ್ಕಳು ಸಿಂಬಳದ ಹುಳುವೆಂದು ಕರೆಯುವ, ಚಿಪ್ಪಿಲ್ಲದ ಬಸವನಹುಳು. “ಅಮ್ಮಾ, ಬಸವನಹುಳುವಿಗೆ ಮನೆಯಿದೆ. ಇದರ ಮನೆ ಏನಾಯಿತು?” ಎಂದು ಕೇಳಿದಳು. ನಮಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. “ಛೀ, ಆಚೆಗೆ ಎಸೆದು ಉಪ್ಪು ಹಾಕು” ಎಂದೆವು. ರೇಷ್ಮೆಹುಳುವನ್ನು ಕೂಸಿನಂತೆ ಸಾಕುವ ರಾಮನಗರ, ಕನಕಪುರದ ಮನೆಗಳಿಂದ ಬಂದ ಮಕ್ಕಳೂ ನಮ್ಮೊಡನೆ ನಕ್ಕರು. ಆ ಹುಡುಗಿ ವರ್ಷವೆಲ್ಲ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಕಳೆದ ಕ್ರಿಸ್ಮಸ್ ರಜೆಯಲ್ಲಿ ನಾವು ಮಂಗಳೂರಿನ ಬಂಧುಗಳ ಮನೆಗೆ ಹೋಗಿದ್ದೆವು. ಒಂದು ಸಂಜೆ ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿ ಸಮುದ್ರವು ಇಳಿದಿರಲು, ಬಂಡೆಗಳ ನಡುವೆ ನಿಂತ ನೀರಿನಲ್ಲಿ ಹಸಿರು ಎಲೆಯೊಂದು ಪಾಚಿಯ ಮೇಲೆ ತೆವಳುತ್ತಿರುವುದನ್ನು ಕಂಡೆವು. ಬಗ್ಗಿ ನೋಡಲು ಅದಕ್ಕೆ ಎರಡು ಪುಟ್ಟ ಕೊಂಬುಗಳಿದ್ದವು. ಆ ಹಳೆಯ ಪ್ರಶ್ನೆ ಒಡನೆಯೇ ನೆನಪಾಯಿತು. ಊರಿಗೆ ಮರಳಿ ಗ್ರಂಥಗಳನ್ನು ತಿರುವಿ ಹಾಕಿದೆವು.

ಕಡಲಿನ ಈ ಹುಳುಗಳೂ ಶಂಖ, ಬಸವನಹುಳುಗಳೂ ಮೃದ್ವಂಗಿಗಳೆಂಬ ಒಂದೇ ಕುಲದವು. ಇವು ತಮ್ಮ ತತ್ತಿಗಳನ್ನು ಜಡೆಯ ರಿಬ್ಬನ್ನಿನಂತೆ ಸುರುಳಿಯಾಗಿ ಅಂಟಿಸುತ್ತವೆ. ಮರಿಗಳಿಗೆ ಸಾಮಾನ್ಯವಾಗಿ ಪುಟ್ಟ ಚಿಪ್ಪುಂಟು. ಬೆಳೆದು ರೂಪ ಬದಲಿಸುವಾಗ ಬಹುಪಾಲು ಜಾತಿಗಳು ಅದನ್ನು ತಾವೇ ಕಳಚಿಬಿಡುತ್ತವೆ. ತೋಟದ ಹುಳುವಿನ ಪೂರ್ವಜರಿಗೂ ಚಿಪ್ಪಿತ್ತು. ತಲೆಮಾರುಗಳುದ್ದಕ್ಕೂ ಅದು ಕುಗ್ಗುತ್ತ ಬಂದು, ಕೆಲವು ಜಾತಿಗಳಲ್ಲಿ ಚರ್ಮದಡಿಯ ಸಣ್ಣ ಬಿಲ್ಲೆಯಾಗಿ ಉಳಿದಿದೆ. ಕೆಲವಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಕಡಲಿನಲ್ಲಿ ಇವಕ್ಕೆ ರಕ್ಷಣೆ ಯಾವುದು? ಕೆಲವು, ಚನ್ನಪಟ್ಟಣದ ಅರಗಿನ ಗೊಂಬೆಗಳಂತೆ ಗಾಢವಾದ ಬಣ್ಣ ತಳೆದು, ತಾವು ತಿನ್ನಲು ಯೋಗ್ಯವಲ್ಲವೆಂದು ಮೀನುಗಳಿಗೆ ಸಾರುತ್ತವೆ. ಕೆಲವು ಕುಟುಕುವ ಜೀವಿಗಳನ್ನೇ ತಿಂದು, ಅವುಗಳ ಕುಟುಕುವ ಕಣಗಳನ್ನು ಜೀರ್ಣಿಸದೆ, ತಮ್ಮ ಬೆನ್ನಿನ ಬೆರಳುಗಳ ತುದಿಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಎಲಿಸಿಯ ಎಂಬ ಹಸಿರು ಹುಳುಗಳು ಪಾಚಿಯ ರಸವನ್ನು ಹೀರಿ, ಹಿಪ್ಪುನೇರಳೆ ಎಲೆಯಲ್ಲಿರುವಂತಹ ಹಸಿರು ಕಣಗಳನ್ನು ತಮ್ಮ ಮೈಯಲ್ಲಿ ಉಳಿಸಿಕೊಳ್ಳುತ್ತವೆ.

ನಮ್ಮನ್ನು ಎಲ್ಲಕ್ಕಿಂತ ತಟ್ಟಿದ ಸಂಗತಿ ಬೇರೊಂದು. ಜಪಾನಿನ ನಾರಾ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಯಾಕಾ ಮಿಟೋ ಎಂಬ ಸಂಶೋಧನಾ ವಿದ್ಯಾರ್ಥಿನಿಯು, ತಾವು ಸಾಕಿದ್ದ ಎಲಿಸಿಯ ಹುಳುವೊಂದರ ತಲೆಯು ಮೈಯಿಂದ ಬೇರ್ಪಟ್ಟು ತಾನೇ ಓಡಾಡುತ್ತಿರುವುದನ್ನು ಕಂಡರು. ಹೃದಯವೂ ಕಳಚಿದ ಮೈಯಲ್ಲೇ ಉಳಿದಿತ್ತು! ಅಂತಹ ಎಳೆಯ ಹುಳುಗಳ ತಲೆಗಳು ಕೆಲವೇ ಗಂಟೆಗಳಲ್ಲಿ ಪಾಚಿ ಮೇಯತೊಡಗಿ, ಸುಮಾರು ಮೂರು ವಾರಗಳಲ್ಲಿ ಹೃದಯಸಹಿತ ಹೊಸ ಮೈಯನ್ನೇ ಬೆಳೆಸಿಕೊಂಡವು. ಅವರೂ ಅವರ ಗುರುಗಳಾದ ಯೋಯಿಚಿ ಯೂಸಾ ಅವರೂ 2021ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಆ ವಿದ್ಯಾರ್ಥಿನಿಗೆ ಬಾಲ್ಯದಲ್ಲಿ ಯಾರಾದರೂ ಉಪ್ಪು ಹಾಕೆಂದಿದ್ದರೆ ಏನಾಗುತ್ತಿತ್ತೋ!

ಈ ಜೂನ್ ತಿಂಗಳಲ್ಲಿ ಮಾಗಡಿಯ ಆ ಹುಡುಗಿಯೇ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಳು. ನಾವು ಕ್ಷಮೆ ಬೇಡಿ, ಬಾಕಿಯಿದ್ದ ಉತ್ತರವನ್ನು ಒಪ್ಪಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ದಿನ ನಾನು ಉಪ್ಪು ಹಾಕಲಿಲ್ಲ ಅಮ್ಮಾ, ಬೇಲಿಯ ಬುಡದಲ್ಲಿ ಬಿಟ್ಟುಬಂದೆ” ಎಂದಳು.

ಈಗ ನಮ್ಮ ಮೇಜಿನ ಮೇಲೆ ಗಾಜಿನ ಬಟ್ಟಲೊಂದಿದೆ. ಮಕ್ಕಳು ತಂದ ಜೀವಿ ಅದರಲ್ಲಿ ಒಂದು ದಿನ ಅತಿಥಿಯಾಗಿದ್ದು, ಮರುದಿನ ತನ್ನ ಜಾಗಕ್ಕೆ ಮರಳುತ್ತದೆ. ತಾಯಿತಂದೆಗಳೇ, ಮಗಳ ಡಬ್ಬಿಯಲ್ಲಿ ಹುಳುವೊಂದು ಕಂಡರೆ, ಗದರಿಸುವ ಮುನ್ನ ಅವಳ ಪ್ರಶ್ನೆಯನ್ನು ದಯಮಾಡಿ ಕೇಳಿಸಿಕೊಳ್ಳಿರಿ.