ಎಂಜಿನ್ ಕೂಗುತ್ತಿತ್ತು, ಜೀಪು ಕದಲಲಿಲ್ಲ

ಮಲೆನಾಡಿನ ಸ್ಟ್ರಿಂಗರ್‌ಗಳಾದ ನಮಗೆ ಜುಲೈ ಬಂತೆಂದರೆ ಕಾಲುಸಂಕದ ಸುದ್ದಿ ಖಾಯಂ. ಕಳೆದ ಮಳೆಗಾಲದಲ್ಲೂ ಅದಕ್ಕೇ ಹೋಗಿದ್ದೆವು, ನಾವು ಮತ್ತು ನಮ್ಮ ಫೋಟೊಗ್ರಾಫರ್ ಗೆಳೆಯ. ಮೂಡಿಗೆರೆ ಕಡೆಯ ಹಳ್ಳಿ, ಮಳೆಯಲ್ಲಿ ಬೈಕ್ ಹೋಗದ ದಾರಿ. ತೋಟದ ಹಳೇ ಫೋರ್ ವೀಲ್ ಜೀಪಿನಲ್ಲಿ ಜಾಗ ಸಿಕ್ಕಿತು. ವಾಪಸ್ ಬರುವಾಗ ಅದರಲ್ಲಿ ಒಂಬತ್ತು ಜನ. ಮುಂದಿನ ಸೀಟಿನಲ್ಲಿ ಮೂರು ದಿನದಿಂದ ಜ್ವರ ಬಿಡದ ಒಬ್ಬ ಅಜ್ಜಿ, ಆಸ್ಪತ್ರೆಗೆ ಹೊರಟಿದ್ದರು.

ಏರು ಅರ್ಧ ಹತ್ತಿದಾಗ ಹಿಂದಿನಿಂದ ‘ಟಕ್’ ಅಂತ ಸದ್ದು. ಎಂಜಿನ್ ಕೂಗುತ್ತಿದೆ, ಜೀಪು ಮಾತ್ರ ಹಿಂದಕ್ಕೆ ಜಾರುತ್ತಿದೆ. ಡ್ರೈವರ್ ಅಣ್ಣ ಬ್ರೇಕ್ ತುಳಿದು ಹಿಡಿದರು. ನಾವೆಲ್ಲ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟೆವು.

“ಕ್ಲಚ್ ಪ್ಲೇಟ್ ಹೋಯ್ತು” ಅಂದರು ಒಬ್ಬರು. “ಇವನು ಹಾಫ್ ಕ್ಲಚ್‌ನಲ್ಲೇ ಓಡಿಸೋದು” ಅಂದರು ಇನ್ನೊಬ್ಬರು. ಏನೂ ಗೊತ್ತಿಲ್ಲದ ನಾವೂ ತಲೆಯಾಡಿಸಿದೆವು. ಫೋನಿನಲ್ಲಿ ತೋಟದ ಮಾಲೀಕರು ಕೂಗಾಡಿದರು: “ಗಾಡಿ ಹಾಳು ಮಾಡಿದ್ಯಾ? ಸಂಬಳದಲ್ಲಿ ಹಿಡ್ಕೋತೀನಿ.” ನಿಜ ಹೇಳಬೇಕೆಂದರೆ, ‘ಚಾಲಕನ ನಿರ್ಲಕ್ಷ್ಯ’ ಎಂಬ ಹೆಡ್ಡಿಂಗ್ ನಮ್ಮ ತಲೆಯಲ್ಲೂ ಬಂದು ಕೂತಿತ್ತು.

ಡ್ರೈವರ್ ಅಣ್ಣ ಮೂಡಿಗೆರೆಯ ಗ್ಯಾರೇಜಿಗೆ ಫೋನ್ ಹಚ್ಚಿದರು. ಸ್ಪೀಕರ್ ಆನ್. ಆ ಮೆಕ್ಯಾನಿಕ್ ಏನು ಹೋಗಿದೆ ಅಂತ ಹೇಳಲಿಲ್ಲ, ಬರೀ ಪ್ರಶ್ನೆ ಕೇಳಿದರು.

“ಸುಟ್ಟ ವಾಸನೆ ಬಂತಾ?”

“ಇಲ್ಲಣ್ಣ.”

“ಮೊದಲಿಂದ ಎಳೀತಿರಲಿಲ್ವಾ, ಒಂದೇ ಸಲಕ್ಕೆ ಹೀಗಾಯ್ತಾ?”

“ಒಂದೇ ಸಲ. ಟಕ್ ಅಂತು.”

“ಹಾಗಾದ್ರೆ ಕ್ಲಚ್ ಮೇಲೆ ನಂಗೆ ಡೌಟಿಲ್ಲ. ಅದು ಸವೆದು ಸವೆದು ಹೋಗೋದು, ವಾಸನೆ ಹೊಡೀತದೆ. ಚಿಕ್ಕ ಲಿವರ್ ನ್ಯೂಟ್ರಲ್‌ಗೆ ಜಾರಿದೆಯಾ ನೋಡು.”

“ಇಲ್ಲ, ಟೂ ವೀಲ್‌ನಲ್ಲೇ ಇದೆ.”

“ಬ್ರೇಕ್ ಬಿಡಬೇಡ. ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಡು. ಯಾರಾದ್ರೂ ಪಕ್ಕದಿಂದ ಬಗ್ಗಿ ನೋಡ್ಲಿ. ಕೆಳಗೆ ನುಗ್ಗಬಾರದು. ಹಿಂದಿನ ಶಾಫ್ಟ್ ತಿರುಗ್ತಾ?”

ನಾವೇ ಕೆಸರಿನಲ್ಲಿ ಮೊಣಕಾಲೂರಿ ಮೊಬೈಲ್ ಟಾರ್ಚ್ ಬಿಟ್ಟೆವು. ಶಾಫ್ಟ್ ತಿರುಗುತ್ತಿತ್ತು. ಚಕ್ರ ನಿಂತೇ ಇತ್ತು.

ಅಷ್ಟರಿಂದಲೇ ಅರ್ಧ ಜೀಪು ಅನುಮಾನದಿಂದ ಹೊರಬಂತು. ಎಂಜಿನ್ನಿನ ಬಲ ಕ್ಲಚ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ದಾಟಿ ಶಾಫ್ಟಿಗೆ ಬರುತ್ತದೆ. ಅಲ್ಲಿಂದ ಕ್ರೌನ್, ಆಕ್ಸಲ್, ಕೊನೆಗೆ ಚಕ್ರ. ಗೇರಿನಲ್ಲಿದ್ದೂ ಶಾಫ್ಟ್ ತಿರುಗದಿದ್ದರೆ ತೊಂದರೆ ಶಾಫ್ಟಿಗಿಂತ ಮುಂದೆ. ಶಾಫ್ಟ್ ತಿರುಗಿಯೂ ಚಕ್ರ ತಿರುಗದಿದ್ದರೆ ಹಿಂದೆ.

“ಹೌಸಿಂಗ್ ಒಳಗೆ ಕಟಕಟ ಅನ್ತಾ?” ಅನ್ನಲಿಲ್ಲ. ಅಂದಿದ್ದರೆ ಕ್ರೌನ್ ಹಲ್ಲು ಮುರಿದಿರುತ್ತಿತ್ತು, ಓಡಿಸುವ ಹಾಗಿರಲಿಲ್ಲ. “ಹಿಂದಿನ ಚಕ್ರ ಅಲ್ಲಾಡ್ತಾ? ಡ್ರಮ್ ಹತ್ತಿರ ಎಣ್ಣೆ ಸೋರಿದೆಯಾ?” ಎರಡೂ ಇಲ್ಲ. “ಒಳಗಡೆ ಆಕ್ಸಲ್ ತುಂಡಾಗಿದೆ. ಮುಂದಿನ ಹಬ್ ಲಾಕ್ ಮಾಡಿ ಫೋರ್ ವೀಲಿಗೆ ಹಾಕು. ಮುಂದಿನ ಚಕ್ರ ಎಳೀತದೆ. ಜನ ಇಳಿದು ನಡೀಲಿ. ಎಲ್ಲಿ ನಿಲ್ಲಿಸಿದ್ರೂ ಗೇರ್ ನಂಬ್ಕೋಬೇಡ, ಕಲ್ಲು ಕೊಡು.”

ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರೂ ಇಳಿದೆವು. ಮುಂದಿನ ಚಕ್ರ ಎರಡು ಕಡೆ ಜಾರಿತು, ಹಿಂದಿನಿಂದ ತಳ್ಳಿದೆವು. ಏರು ಮುಗಿಯಿತು. ಟಾರು ರಸ್ತೆ ಸೇರಿದ ಮೇಲೆ ಅಜ್ಜಿಗೆ ಆಟೊ ಸಿಕ್ಕಿತು. ನಾಲ್ಕು ದಿನದಲ್ಲಿ ಅವರು ಮನೆಗೆ ವಾಪಸಾದರು.

ಮಾರನೇ ದಿನ ಗ್ಯಾರೇಜಿಗೆ ಹೋದೆವು. ಮಾಲೀಕರೂ ಬಂದಿದ್ದರು. ಮೆಕ್ಯಾನಿಕ್ ಆಕ್ಸಲ್ ತುಂಡನ್ನು ಒರೆಸಿ ಅವರ ಕೈಗೇ ಕೊಟ್ಟರು. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪಾಗಿತ್ತು. ಅಂಚಿನಲ್ಲಿ ಸ್ವಲ್ಪ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. “ಕಪ್ಪಗಿರೋದು ಹಳೇ ಬಿರುಕು ಸಾರ್, ಬಹಳ ದಿನದ್ದು. ನಿನ್ನೆ ಮುರಿದದ್ದು ಈ ಹೊಳೆಯೋ ಅಷ್ಟೇ. ಯಾರು ಓಡಿಸ್ತಿದ್ರೂ ಇವತ್ತಲ್ಲ ನಾಳೆ ಮುರೀತಿತ್ತು.”

ಮಾಲೀಕರು ಮಾತಾಡಲಿಲ್ಲ. ತಿಂಗಳ ಕೊನೆಗೆ ಡ್ರೈವರ್ ಅಣ್ಣನಿಗೆ ಪೂರ್ತಿ ಸಂಬಳ ಬಂತು.

ಒಂದು ಬಿರುಕು ಬೆಳೆಯಲು ಗುಂಡಿ ದಾರಿಯೂ ಬೇಕು, ಭಾರವೂ ಬೇಕು. ಅವತ್ತಿನ ಒಂಬತ್ತು ಜನರ ಭಾರದಲ್ಲಿ ನಾವಿಬ್ಬರೂ ಇದ್ದೆವು. ಅದನ್ನು ಮರೆತು ಡ್ರೈವರ್ ಮೇಲೆ ಹೆಡ್ಡಿಂಗ್ ಕಟ್ಟಲು ಹೊರಟಿದ್ದೆವು.

ಕಾಲುಸಂಕದ ಸುದ್ದಿ ಪೇಪರಿನಲ್ಲಿ ಬಂತು. ಆಕ್ಸಲ್ ಸುದ್ದಿಗೆ ಅಲ್ಲಿ ಜಾಗ ಇರಲಿಲ್ಲ. ನಿಮ್ಮೂರಲ್ಲೂ ಇಂಥ ಜೀಪು, ಇಂಥ ಏರು ಇರುತ್ತದೆ, ಅದಕ್ಕೇ ಇಲ್ಲಿ ಬರೆದೆವು. ಗಾಡಿ ನಿಂತರೆ ಮೊದಲು ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಶಾಫ್ಟ್ ನೋಡಿ. ತಪ್ಪು ಯಾರದ್ದು ಅನ್ನೋದು ಬಿಚ್ಚಿದ ಮೇಲೆ ಮಾತಾಡೋಣ.