ಸಾನಪಾಡಾದ ಮೆಟ್ಟಿಲ ಮೇಲಿಂದ ಕಂಡ ಬದ್ಲಾಪುರ

2024ರ ಆಗಸ್ಟ್ 20, ಮಂಗಳವಾರ. ನವಿ ಮುಂಬೈನ ಸಾನಪಾಡಾ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಹೂ ಮಾರುವ ವಿಜಯಪುರದ ಅಕ್ಕ ಇವತ್ತು ಮಾಲೆ ಕಟ್ಟುತ್ತಿಲ್ಲ. ಒದ್ದೆ ಬೆರಳಲ್ಲೇ ಮೊಬೈಲು ಹಿಡಿದು ಕೂತಿದ್ದಾಳೆ.

"ನೋಡ್ರಿ ಅಣ್ಣಾರ, ಹಳಿ ಮ್ಯಾಗ ಮಂದಿ ಕುಂತಾರ. ನಮ್ ತಂಗಿ ಮನಿ ಅಲ್ಲೇ ಐತ್ರಿ."

ಬಗ್ಗಿ ನೋಡುತ್ತೇನೆ. ಅಂಗೈಯಗಲದ ಪರದೆಯಲ್ಲಿ ಬದ್ಲಾಪುರ ಸ್ಟೇಷನ್ನು. ಪ್ಲಾಟ್‌ಫಾರ್ಮು ಯಾವುದು, ಹಳಿ ಯಾವುದು ಗೊತ್ತಾಗದಷ್ಟು ಜನ. ಸರ್ಕಾರ ಹೆಂಗಸರಿಗೆ ಕೊಡುವ ಲಾಡ್ಕಿ ಬಹೀಣ್ ಯೋಜನೆಯ 1,500 ರೂಪಾಯಿ ಬೇಡ, ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡಿ ಎಂದು ಬರೆದ ಫಲಕಗಳು. ಪಕ್ಕದಲ್ಲಿ ಇಣುಕುತ್ತಿರುವ ಹುಡುಗನ ಕೈಯಲ್ಲಿ ನಿನ್ನೆ ಕಟ್ಟಿಸಿಕೊಂಡ ರಾಖಿ ಇನ್ನೂ ಹೊಸದು.

ಠಾಣೆ ಗಾಡಿ ಹತ್ತಿದರೆ ಡಬ್ಬಿಯ ತುಂಬ ಅದೇ ವಿಡಿಯೋ. ಒಂದು ಫೋನಿನಲ್ಲಿ "ಫಾಶೀ ದ್ಯಾ" ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಶುರು. ಗಲ್ಲಿಗೇರಿಸಿ, ಗಲ್ಲಿಗೇರಿಸಿ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯ ಹತ್ಯೆಯಾಗಿ ಹನ್ನೊಂದೇ ದಿನ. ಜನ ಮೊದಲೇ ಕುದಿಯುತ್ತಿದ್ದರು.

ಬದ್ಲಾಪುರದ ಶಾಲೆಯೊಂದರಲ್ಲಿ ಶಿಶುವರ್ಗದ ಇಬ್ಬರು ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ. ಆರೋಪಿ ಅಲ್ಲಿನ ಸಫಾಯಿ ಕೆಲಸದವ. ಆಗಸ್ಟ್ 16ರಂದು ದೂರು ಕೊಡಲು ಹೋದ ತಾಯಿ-ತಂದೆ ಪೊಲೀಸ್ ಠಾಣೆಯಲ್ಲಿ ಹತ್ತು ತಾಸಿಗೂ ಹೆಚ್ಚು ಕಾದರು. ಮರುದಿನ ಆರೋಪಿಯನ್ನು ಹಿಡಿದರು, ನಿಜ. ಆದರೆ ಊರಿನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಹತ್ತು ತಾಸಿನಿಂದ. ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಯಿತು, ಜೊತೆಗೆ ಬಂದ್ ಕರೆಯೂ. ಮಂಗಳವಾರ ಬೆಳಗ್ಗೆ ಶಾಲೆಯ ಗೇಟಿನೆದುರು ಸೇರಿದ ಜನ ಹಳಿಗೆ ಇಳಿದರು. ಅಂಬರನಾಥದಿಂದಾಚೆ ಲೋಕಲ್ ನಿಂತಿತು. ದೂರದ ಗಾಡಿಗಳನ್ನು ಪನ್ವೇಲ್ ಮೇಲೆ ತಿರುಗಿಸಿದರು. ಮಂತ್ರಿ ಗಿರೀಶ್ ಮಹಾಜನ್ ಬಂದು ಕೇಳಿಕೊಂಡರೂ ಯಾರೂ ಏಳಲಿಲ್ಲ. ಸಂಜೆ ಲಾಠಿ ಬೀಸಿದ ಮೇಲೆಯೇ ಹಳಿ ತೆರವಾದದ್ದು. ವಿಶೇಷ ತನಿಖಾ ತಂಡ, ಮೂವರು ಪೊಲೀಸರ ಅಮಾನತು ಎರಡೂ ಘೋಷಣೆಯಾದದ್ದು ಅದೇ ದಿನ.

ಬದ್ಲಾಪುರದಲ್ಲಿ ಇಂಟರ್ನೆಟ್ ಬಂದ್ ಮಾಡಿದರು. ನಮ್ಮಲ್ಲಿ ಇತ್ತಲ್ಲ! ನಮ್ಮ ಸೊಸೈಟಿ ಗುಂಪಿಗೆ ಒಂದು ಮೆಸೇಜು ಬಿತ್ತು: ಮಗು ತೀರಿಕೊಂಡಿತಂತೆ. ಕಣ್ಣು ತುಂಬಿ ಬಂದು, ತಿರುಗಿ ಯೋಚಿಸದೆ ಎರಡು ಕನ್ನಡ ಗುಂಪುಗಳಿಗೆ ತಳ್ಳಿದೆ. ಅದು ಶುದ್ಧ ಸುಳ್ಳು. ಅಂಥ ವದಂತಿ ಹರಡಿದ್ದಕ್ಕೆ ಪೊಲೀಸರು ಬದ್ಲಾಪುರದ ಕಡೆಯ 21ರ ಯುವತಿಯೊಬ್ಬಳನ್ನು ಬಂಧಿಸಿದ ಸುದ್ದಿ ಓದಿ ಅಳಿಸಲು ಹೋದರೆ, ನಲವತ್ತು ಜನ ಆಗಲೇ ಕೈಮುಗಿಯುವ ಗುರುತು ಒತ್ತಿದ್ದರು.

ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡು 22ರಂದು ವಿಚಾರಣೆ ನಡೆಸಿತು. ಜನ ರೊಚ್ಚಿಗೇಳುವವರೆಗೆ ನಿಮ್ಮ ಯಂತ್ರ ಕದಲುವುದೇ ಇಲ್ಲವೇ ಎಂದು ನ್ಯಾಯಮೂರ್ತಿ ರೇವತಿ ಮೋಹಿತೆ ಡೇರೆ ಮತ್ತು ಪೃಥ್ವಿರಾಜ್ ಚವಾಣ್ ಅವರ ಪೀಠ ಸರ್ಕಾರವನ್ನು ಕೇಳಿತು. ನಾನು ಸುಳ್ಳು ತಳ್ಳಿದ್ದೂ ನಿಜ, ಕೋರ್ಟಿನ ಈ ಮಾತೂ ನಿಜ. ಒಂದರಿಂದ ಇನ್ನೊಂದು ಅಳಿಯುವುದಿಲ್ಲ.

ಸೆಪ್ಟೆಂಬರ್ 23, ರಾತ್ರಿ. ಅದೇ ಮೆಟ್ಟಿಲು, ಅದೇ ಫೋನು. ತಳೋಜಾ ಜೈಲಿನಿಂದ ಕರೆದೊಯ್ಯುತ್ತಿದ್ದ ಆರೋಪಿ ಮುಂಬ್ರಾ ಹತ್ತಿರ ಪೊಲೀಸ್ ವ್ಯಾನಿನೊಳಗೇ ಗುಂಡಿಗೆ ಸತ್ತ. ಪಿಸ್ತೂಲು ಕಿತ್ತುಕೊಂಡು ಹಾರಿಸಿದ, ನಾವು ತಿರುಗಿ ಹೊಡೆದೆವು ಎಂದರು ಪೊಲೀಸರು. ಗುಂಪುಗಳಲ್ಲಿ ಪೇಢೆ ಹಂಚುವ ವಿಡಿಯೋ.

"ಅಂದ್ರ ಕೋರ್ಟಿನ್ಯಾಗ ಏನ್ ಅಂದ್ರರಿ?" ಅಕ್ಕ ಕೇಳಿದಳು.

"ಅಲ್ಲೀತನಕ ಹೋಗ್ಲೇ ಇಲ್ಲಕ್ಕ."

ಅವಳು ದಾರಕ್ಕೆ ಗಂಟು ಹಾಕಿ, ಮೊಳ ಅಳೆದು ಕತ್ತರಿಸಿದಳು.

2025ರ ಜನವರಿಯಲ್ಲಿ, ಆ ಸಾವಿಗೆ ವ್ಯಾನಿನಲ್ಲಿದ್ದ ಐವರು ಪೊಲೀಸರು ಹೊಣೆ ಎಂಬ ಮ್ಯಾಜಿಸ್ಟ್ರೇಟರ ವಿಚಾರಣಾ ವರದಿ ಹೈಕೋರ್ಟಿನ ಮುಂದೆ ಬಂತು. ಆ ಸುದ್ದಿಯನ್ನು ನನಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ. ನಾನೂ ಯಾರಿಗೂ ಮಾಡಲಿಲ್ಲ.